ಮಾಲೀಕರೇ ನೇರವಾಗಿ ಮಾರುವ ಮನೆ

ಸುತ್ತಿಗೆ ಬೀಸಿದ್ದಷ್ಟೇ ಅವಳಿಗೆ ಗೊತ್ತು. ಮರುಕ್ಷಣ ಮೂಳೆ ಮುರಿದ ಸದ್ದು ಕೇಳಿಸಿತು.

ಹನ್ನೊಂದು ವರ್ಷದಿಂದ ಆಸ್ಪತ್ರೆಯ ಗಾಯದ ಕೋಣೆಯಲ್ಲಿ ನರ್ಸ್ ಆಗಿರುವವಳು. ಆ ಸದ್ದು ಅವಳಿಗೆ ಗುರುತಾಗದೆ ಇರುತ್ತದೆಯೇ?

ಗೇಟಿನ ಪಕ್ಕದ ಮರದ ಕಂಬಕ್ಕೆ ಬೋರ್ಡು ಹೊಡೆಯುತ್ತಿದ್ದಳು. ಒಂದೇ ವಾರದಲ್ಲಿ ಇದು ಮೂರನೆಯದು. ಮೊದಲನೆಯದನ್ನು ಯಾರೋ ಕಿತ್ತೆಸೆದಿದ್ದರು, ಎರಡನೆಯದಕ್ಕೆ ಬೆಂಕಿ ಹಚ್ಚಿದ್ದರು. 'ಮನೆ ಮಾರಾಟಕ್ಕಿದೆ. ಮಾಲೀಕರೇ ನೇರವಾಗಿ ಮಾರುತ್ತಾರೆ. ದಲ್ಲಾಳಿಗಳು ಗೇಟು ಮುಟ್ಟಬಾರದು' ಎಂದು ಅವಳೇ ಕೆಂಪು ಬಣ್ಣದಲ್ಲಿ ಬರೆದಿದ್ದಳು. ಕೊನೆಯ ಮೊಳೆ ಬಾಕಿಯಿತ್ತು. ಆಗ ಹಿಂದಿನಿಂದ ಒಂದು ಕೈ ಬಂದು ಬೋರ್ಡಿನ ಅಂಚು ಹಿಡಿಯಿತು. ತಿರುಗಿದ್ದೇ ತಡ, ಸುತ್ತಿಗೆ ಆ ಕೈಯ ಮೇಲಿತ್ತು.

"ಇನ್ನೊಂದು ಕೈನೂ ಇಡು, ಅದನ್ನೂ ಮುರೀತೀನಿ. ಹೋಗಿ ಹೇಳು ನಿನ್ನ ದಲ್ಲಾಳಿಗೆ, ಆ ಬಿಳಿ ಶರ್ಟಿಗೆ."

ಆ ಮನುಷ್ಯ ಕೈಯನ್ನು ಎದೆಗೆ ಒತ್ತಿಕೊಂಡು ಕಾಂಪೌಂಡಿಗೆ ಒರಗಿದ. ಅಗಲ ಹೆಗಲು, ಧೂಳು ಹಿಡಿದ ಬೂಟು. ನೋವಿಗೆ ಮುಖ ಬಿಳಿಚಿಕೊಂಡಿತ್ತು, ಆದರೂ ಬಾಯಿಂದ ಒಂದು ಬೈಗುಳವೂ ಬರಲಿಲ್ಲ.

"ಬೋರ್ಡು ಒಂದು ಕಡೆ ಜಾರ್ತಾ ಇತ್ತು, ಹಿಡ್ಕೊಳ್ಳೋಣ ಅಂತ..." ಎಂದ ಹಲ್ಲು ಕಚ್ಚಿಕೊಂಡು. "ಮನೆ ನೋಡೋಕೆ ಬಂದೆ. ಮೂರು ಗಂಟೆಗೆ ಬರ್ತೀನಿ ಅಂತ ಫೋನ್ ಮಾಡಿದ್ನಲ್ಲ."

ಅವಳು ಗಡಿಯಾರ ನೋಡಿದಳು. ಮೂರು ಗಂಟೆ ಒಂದು ನಿಮಿಷ.

ಅಯ್ಯೋ... ಕೊಳ್ಳೋಕೆ ಬಂದವನ ಕೈ ಮುರಿದೆನಾ?

ಒಳಗಿನಿಂದ ಚಿಕ್ಕಮ್ಮ ಬಂದರು. ಅವಳ ತಾಯಿಯ ತಂಗಿ, ತಾಯಿ ಹೋದ ಮೇಲೆ ಅವಳನ್ನು ಸಾಕಿದವರು. ಮೊಮ್ಮಕ್ಕಳನ್ನು ನೋಡುವ ವಯಸ್ಸಿನಲ್ಲಿ ಈ ಸಿಡುಕಿಯ ಜೊತೆ ಏಗುತ್ತಿದ್ದರು.

"ಎಂಟು ದಿನ ಆದ್ಮೇಲೆ ಇವತ್ತು ಒಬ್ಬ ಮನೆ ನೋಡೋಕೆ ಬಂದ," ಎಂದು ಹಣೆ ಚಚ್ಚಿಕೊಂಡರು. "ಅವನಿಗೂ ಗತಿ ಕಾಣಿಸಿದ್ಯಲ್ಲೇ. ಒಳಗೆ ಕರ್ಕೊಂಡು ಬಾ, ಇನ್ನೇನು ನೋಡ್ತೀಯ?"

ಅವಳು ಅವನ ಎರಡು ಬೆರಳಿಗೆ ಪಟ್ಟಿ ಕಟ್ಟಿದಳು. ಕ್ಷಮಿಸಿ ಎಂದು ಹೇಳಲು ನಾಲಿಗೆ ಏಳಲಿಲ್ಲ. ಬದಲಿಗೆ ಒಂದು ಹಾಳೆ ತಂದು ಅವನ ಮುಂದಿಟ್ಟಳು.

ಮನೆ ನೋಡಲು ಬಂದ ಎಲ್ಲರಿಗೂ ಅವಳು ಕೊಡುತ್ತಿದ್ದ ಹಾಳೆ ಅದು. ಮನೆಗೆ ಏನೇನು ತೊಂದರೆ, ಎಂದಿನಿಂದ, ಈಗ ಎಷ್ಟು ಜೋರು... ರೋಗಿಯ ಚೀಟಿ ಬರೆದು ಅಭ್ಯಾಸವಾದ ಕೈ, ಮನೆಯದನ್ನೂ ಹಾಗೆಯೇ ಬರೆದಿತ್ತು. ಸ್ನಾನದ ಮನೆಯ ಕೊಳಾಯಿ ಸೋರಿಕೆ, ನಾಲ್ಕು ತಿಂಗಳಿಂದ. ಅಡುಗೆಮನೆ ಚಾವಣಿಯಲ್ಲಿ ತೇವ, ಎರಡು ವರ್ಷದಿಂದ. ಹೀಗೆ ಹತ್ತೊಂಬತ್ತು. ಲೋಕದಲ್ಲಿ ಮನೆ ಮಾರುವವರು ಗೋಡೆಗೆ ಬಣ್ಣ ಬಳಿದು ಬಿರುಕು ಮುಚ್ಚುತ್ತಾರೆ. ಇವಳು ಬಿರುಕಿನ ಉದ್ದವನ್ನೂ ಅಳೆದು ಬರೆದಿದ್ದಳು. ಬಂದವರು ಒಂಬತ್ತನೆಯದರ ತನಕ ಓದಿ, ನೀರು ಕೂಡ ಕುಡಿಯದೆ ಹೊರಟುಬಿಡುತ್ತಿದ್ದರು.

ಒಂಬತ್ತನೆಯದು ಹೀಗಿತ್ತು: 'ಮುಂಬಾಗಿಲ ಹೊಸ್ತಿಲ ಬಳಿ ನೆಲದಲ್ಲಿ ಕಲೆ. ಎಷ್ಟು ತಿಕ್ಕಿದರೂ ಹೋಗಿಲ್ಲ. ನನ್ನ ತಂದೆಯ ರಕ್ತ.'

ಅವನು ಪೂರ್ತಿ ಓದಿದ. ಒಂಬತ್ತನೆಯದನ್ನು ಎರಡು ಸಲ ಓದಿದ್ದು ಅವಳಿಗೆ ಕಂಡಿತು.

"ಹನ್ನೊಂದನೇದು ತಪ್ಪು," ಎಂದ ಕೊನೆಗೆ. "ನಡುಮನೆ ಗೋಡೆ ಬಿರುಕು ಬಿಟ್ಟಿಲ್ಲ. ಮೇಲಿನ ಗಾರೆ ಮಾತ್ರ ಸೀಳಿದೆ." ಎದ್ದು ಹೋಗಿ ಗೋಡೆಗೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಯಿಟ್ಟ. "ಗಟ್ಟಿ ಗೋಡೆ. ಬೀಳಿಸ್ಬೇಕು ಅಂದ್ರೂ ಎರಡು ದಿನ ಬೇಕು."

"ಏನು ಕೆಲಸ ನಿಮ್ಮದು?"

"ಮೇಸ್ತ್ರಿ."

ಕಟ್ಟುವವನು ಇರಬೇಕು ಎಂದುಕೊಂಡಳು. ಅವನೂ ಹೆಚ್ಚು ಹೇಳಲಿಲ್ಲ. ಹೋಗುವಾಗ ಹೊಸ್ತಿಲ ಬಳಿ ಒಂದು ಕ್ಷಣ ನಿಂತ. ಆಮೇಲೆ ಆ ಕಲೆಯನ್ನು ತುಳಿಯದೆ, ಕಾಲು ಎತ್ತಿ ದಾಟಿ ಹೋದ.

ಎರಡು ವರ್ಷದಲ್ಲಿ ಎಷ್ಟು ಜನ ಆ ಬಾಗಿಲಲ್ಲಿ ಬಂದು ಹೋಗಿದ್ದರು! ಹಾಗೆ ದಾಟಿದವನು ಇವನೊಬ್ಬನೇ.

ಎರಡು ವರ್ಷದ ಹಿಂದೆ ಈ ಮನೆ ಮಾರಲು ಹೊರಟವರು ಅವಳ ಅಪ್ಪ, ಕೈಗಡಿಯಾರ ರಿಪೇರಿ ಮಾಡುತ್ತಿದ್ದವರು. ಆ ರಸ್ತೆಯ ದಲ್ಲಾಳಿಯನ್ನು ನಂಬಿದರು. ದಿನವೂ ಇಸ್ತ್ರಿ ಮುರಿಯದ ಬಿಳಿ ಶರ್ಟು ಹಾಕುವುದರಿಂದ ರಸ್ತೆಯವರು ಅವನಿಗೆ ಇಟ್ಟ ಹೆಸರೇ ಬಿಳಿ ಶರ್ಟು. ಅವನು ಅಪ್ಪನಿಂದ ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡು, ಅರ್ಧ ಬೆಲೆಗೆ ತನ್ನವರಿಗೇ ಮನೆ ಕೊಡಿಸಲು ನೋಡಿದ. ಅಪ್ಪ ಹಾಳೆ ಕಿತ್ತುಕೊಂಡು ಬಂದು ಹರಿದರು. ಅದೇ ಸಂಜೆ ಹೊಸ್ತಿಲ ಮೇಲೆ ಅವರಿಗೆ ಹೊಡೆತ ಬಿತ್ತು. ಇಪ್ಪತ್ತಮೂರನೆಯ ದಿನ ತೀರಿಕೊಂಡರು. ಮೆಟ್ಟಿಲಿಂದ ಬಿದ್ದರು ಎಂದು ಪೊಲೀಸರು ಬರೆದುಕೊಂಡರು. ರಸ್ತೆಯ ಕಿಟಕಿಗಳೆಲ್ಲ ಮುಚ್ಚಿದ್ದವು, ಯಾರೂ ಏನೂ ನೋಡಿರಲಿಲ್ಲ.

ಈಗ ಅವಳಿಗೆ ಬೇಕಾದದ್ದು ಒಂದೇ. ಈ ಮನೆಯನ್ನು ತನ್ನ ಕೈಯಾರೆ ಮಾರಬೇಕು. ಅಪ್ಪನಿಂದ ಆಗದ್ದು ತನ್ನಿಂದ ಆಗಬೇಕು. ಬಿಳಿ ಶರ್ಟಿಗೆ ಇದರಲ್ಲಿ ಬಿಡಿಗಾಸೂ ಸಿಗಬಾರದು.

ಮೇಸ್ತ್ರಿ ಬುಧವಾರ ಮತ್ತೆ ಬಂದ. ನೀರಿನ ತೊಟ್ಟಿ ನೋಡಬೇಕಂತೆ. ಶುಕ್ರವಾರ ಬಂದ, ಕಿಟಕಿಯ ಚೌಕಟ್ಟು ನೋಡಬೇಕಂತೆ. ಭಾನುವಾರ ಏನು ನೋಡಬೇಕೆಂದು ಅವನಿಗೇ ಗೊತ್ತಿರಲಿಲ್ಲ. ಒಂದೇ ಕೈಯಲ್ಲಿ ಸ್ನಾನದ ಮನೆಯ ಕೊಳಾಯಿ ಸರಿಮಾಡಿ, ಚಹಾ ಕುಡಿದು ಹೋದ.

"ಇವನು ಮನೆ ನೋಡ್ತಾ ಇಲ್ಲ ಕಣೆ," ಎಂದರು ಚಿಕ್ಕಮ್ಮ. "ಮನೆಯವಳನ್ನ ನೋಡ್ತಾ ಇದ್ದಾನೆ."

"ಸುಮ್ನಿರಿ ಚಿಕ್ಕಮ್ಮ."

"ನೀನು ಯಾಕೆ ತಲೆ ಬಾಚ್ಕೊಂಡೆ ಮತ್ತೆ?"

ಅವಳು ಒಳಗೆ ಹೋದಳು. ಕನ್ನಡಿಯಲ್ಲಿ ನೋಡಿದರೆ ಮುಖ ಕೆಂಪಾಗಿತ್ತು. ಈ ವಯಸ್ಸಿಗೆ ಇದೇನು ನಾಚಿಕೆ... ಎಂದು ತನ್ನನ್ನೇ ಬೈದುಕೊಂಡಳು.

ಮರುದಿನ ಬೆಳಗ್ಗೆ ಬಿಳಿ ಶರ್ಟು ಗೇಟಿನಾಚೆ ನಿಂತಿದ್ದ. ಗೇಟು ಮುಟ್ಟಲಿಲ್ಲ, ನಗುತ್ತಿದ್ದ.

"ಮಗಳೇ, ಈ ರಸ್ತೇಲಿ ನಲವತ್ತು ಮನೆ ಕೈ ಬದಲಾಗಿದೆ. ನನ್ನ ಬಿಟ್ಟು ಒಂದೂ ಹೋಗಿಲ್ಲ. ನೀನು ಮಾರಿದ್ರೆ ನಾಳೆ ಪಕ್ಕದವರೂ ಬೋರ್ಡು ಹಾಕ್ತಾರೆ. ನನ್ನ ಹೊಟ್ಟೆ ಮೇಲೆ ಹೊಡೀಬೇಡ."

"ಹೊಡೆಯೋದು ನಿಮ್ಮ ಕೆಲಸ. ನಂದಲ್ಲ."

"ನಿಮ್ಮಪ್ಪನ ಹಾಗೇ ಮಾತಾಡ್ತೀಯ." ಅವನ ನಗು ಹಾಗೆಯೇ ಇತ್ತು. "ಮೆಟ್ಟಿಲ ಮೇಲೆ ಹುಷಾರಾಗಿ ಓಡಾಡು."

ಅರ್ಧ ಗಂಟೆಯಲ್ಲಿ ಅಡುಗೆಮನೆ ಕಿಟಕಿಯಿಂದ ಇಡೀ ಇಟ್ಟಿಗೆಯೊಂದು ಒಳಗೆ ಬಂತು. ಗಾಜು ಚಿಕ್ಕಮ್ಮನ ಭುಜ ಸೀಳಿತು. ಅವಳು ಆಸ್ಪತ್ರೆಯ ಪರಿಚಿತ ಕೋಣೆಯಲ್ಲಿ ತನ್ನವರಿಗೇ ನಾಲ್ಕು ಹೊಲಿಗೆ ಹಾಕಿದಳು. ಕಣ್ಣು ಉರಿಯುತ್ತಿತ್ತು.

ಆಸ್ಪತ್ರೆಯಿಂದ ಹೊರಬಂದಾಗ ಅವಳ ಮನಸ್ಸಿಗೆ ಬಂದ ಮೊದಲ ಮುಖ ಮೇಸ್ತ್ರಿಯದು. ಚಿಕ್ಕಮ್ಮನನ್ನು ಮನೆಗೆ ಬಿಟ್ಟು, ಅವನು ಹೇಳಿದ್ದ ಹಿಂದಿನ ರಸ್ತೆಯ ಕೆಲಸದ ಜಾಗಕ್ಕೆ ನಡೆದಳು.

ಅಲ್ಲಿ ಮನೆ ಕಟ್ಟುತ್ತಿರಲಿಲ್ಲ.

ಅರ್ಧ ಉರುಳಿದ ಮನೆಯೊಂದು ಧೂಳಿನಲ್ಲಿ ನಿಂತಿತ್ತು. ಮೇಸ್ತ್ರಿ ಬಲಗೈಯೊಂದರಲ್ಲೇ ದೊಡ್ಡ ಸುತ್ತಿಗೆ ಬೀಸಿ ಗೋಡೆಯ ಬುಡಕ್ಕೆ ಹೊಡೆಯುತ್ತಿದ್ದ. ಇಡೀ ಗೋಡೆ ನೆಲಕ್ಕೆ ಬಿತ್ತು. ಧೂಳು ಇಳಿದಾಗ ಅವನ ಪಕ್ಕದಲ್ಲಿ ಬಿಳಿ ಶರ್ಟು ನಿಂತಿದ್ದ, ಅವನ ಹೆಗಲು ತಟ್ಟುತ್ತಾ.

ಗೋಡೆ ತಟ್ಟಿ ನೋಡಿದ್ದು... ಬೀಳಿಸಲು ಎರಡು ದಿನ ಬೇಕು ಎಂದದ್ದು... ಎಲ್ಲವೂ ಒಟ್ಟಿಗೆ ನೆನಪಾದವು. ಇವನು ಬಿಳಿ ಶರ್ಟು ಕಳಿಸಿದವನು! ಅಳತೆ ತೆಗೆಯಲು ಬಂದವನಿಗೆ ನಾನು ಚಹಾ ಕೊಟ್ಟೆ!

ಬಿಳಿ ಶರ್ಟಿನ ಕಾರು ಹೊರಟ ಸದ್ದು ಕೇಳುವವರೆಗೆ ಮರೆಯಲ್ಲಿ ಮುಖ ತಿರುಗಿಸಿ ಕಾದಳು. ಆಮೇಲೆ ನೇರ ಮೇಸ್ತ್ರಿಯ ಹತ್ತಿರ ಹೋಗಿ, ಅವನ ಕೆಲಸದವರೆಲ್ಲ ನೋಡುತ್ತಿರುವಾಗಲೇ ಕೆನ್ನೆಗೆ ಬಾರಿಸಿದಳು. ಒಂದಲ್ಲ, ಎರಡು.

"ಮನೆ ಒಡೆಯೋದು ನಿಮ್ಮ ಕೆಲಸ ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಯಾರೂ ಒಳಗೆ ಬಿಡಲ್ಲ. ಸ್ವಲ್ಪ ಕೇಳಿ, ಅವನು ಇಲ್ಲಿಗೆ ಬಂದಿದ್ದು..."

"ನಮ್ಮ ಚಿಕ್ಕಮ್ಮನಿಗೆ ನಾಲ್ಕು ಹೊಲಿಗೆ ಹಾಕಿ ಬಂದಿದ್ದೀನಿ ನಾನು. ಇನ್ನು ಗೇಟಿನ ಹತ್ತಿರ ಕಂಡ್ರೆ, ಬೆರಳಲ್ಲ, ತಲೆ."

ಅವಳು ಹಿಂದಿರುಗಿ ನೋಡದೆ ನಡೆದಳು. ದಾರಿಯುದ್ದಕ್ಕೂ ಅಳು ಬಂತು. ಯಾರಾದರೂ ನೋಡುತ್ತಾರೆಂಬ ಎಚ್ಚರವೂ ಇರಲಿಲ್ಲ.

ಆ ವಾರ ಹಾಳೆಯನ್ನು ಪೂರ್ತಿ ಓದಿದ ಇನ್ನೊಬ್ಬರು ಸಿಕ್ಕರು. ಶಾಲೆಯಲ್ಲಿ ಗಣಿತ ಕಲಿಸುವ ಮೇಡಂ. "ಇಷ್ಟು ನಿಜ ಹೇಳೋರ ಹತ್ತಿರ ಚೌಕಾಸಿ ಮಾಡೋಕೆ ನನಗೆ ಬಾಯಿ ಬರಲ್ಲ," ಎಂದು ಕೇಳಿದ ಬೆಲೆಗೇ ಒಪ್ಪಿದರು. ಭಾನುವಾರ ಬೆಳಗ್ಗೆ ಹನ್ನೊಂದೂವರೆಗೆ ಕರಾರು ಪತ್ರಕ್ಕೆ ಸಹಿ ಎಂದಾಯಿತು.

ಹನ್ನೊಂದು ಗಂಟೆಗೆ ಬಿಳಿ ಶರ್ಟು ಬಂದ. ಜೊತೆಗೆ ಇಬ್ಬರು, ಕೈಯಲ್ಲಿ ಕಬ್ಬಿಣದ ರಾಡು.

ಗೇಟು ಮುರಿದ ಸದ್ದಿಗೆ ಚಿಕ್ಕಮ್ಮ ಮುಂಬಾಗಿಲ ಚಿಲಕ ಹಾಕಿ, ಫೋನು ಹಿಡಿದು ಯಾರಿಗೋ ಬೇಗ ಬಾ ಎಂದರು. ಪೊಲೀಸರಿಗೆ ಎಂದುಕೊಂಡಳು ಅವಳು. ಅಷ್ಟರಲ್ಲಿ ನಡುಮನೆಯ ಕಿಟಕಿ ಚೂರುಚೂರಾಯಿತು. ಒಬ್ಬ ಒಳಗೆ ಹಾರಿದ. ಅವಳು ಅವನ ಮಂಡಿಗೆ ಸುತ್ತಿಗೆ ಇಳಿಸಿದಳು. ಅವನು ಬೀಳುತ್ತಲೇ ಅವಳ ಕೂದಲು ಹಿಡಿದು ತಲೆಯನ್ನು ಗೋಡೆಗೆ ಗುದ್ದಿದ. ಕಣ್ಣು ಕತ್ತಲಿಟ್ಟಿತು. ಬಾಯಲ್ಲಿ ರಕ್ತದ ಉಪ್ಪು. ಸಿಕ್ಕಿದ ಕೈಯನ್ನು ಕಚ್ಚಿದಳು, ಬಿಡಲಿಲ್ಲ.

ಯಾರೋ ಅವನನ್ನು ಅವಳ ಮೇಲಿಂದ ಕಿತ್ತು ಎಸೆದರು. ಹಿತ್ತಲ ಬಾಗಿಲಿಂದ ಬಂದಿದ್ದ ಮೇಸ್ತ್ರಿ! ಚಿಕ್ಕಮ್ಮ ಕರೆದದ್ದು ಇವನನ್ನು.

ಎರಡನೆಯವನು ಕಿಟಕಿ ಹಾರಿ ಬಂದು ರಾಡು ಬೀಸಿದ. ಅದು ಮೇಸ್ತ್ರಿಯ ತಲೆಗೆ ತಾಗಿ ಹುಬ್ಬಿನ ಮೇಲೆ ಚರ್ಮ ಹರಿಯಿತು. ಅವನು ಮಂಡಿಯೂರಿದ, ಎದ್ದ, ಗೋಡೆ ಉರುಳಿಸುವ ಹೆಗಲಿನಿಂದ ರಾಡಿನವನ ಎದೆಗೆ ಗುದ್ದಿ ಮೂಲೆಗೆ ಒತ್ತಿದ.

"ಅಡ್ವಾನ್ಸು ಯಜಮಾನರ ಮುಖಕ್ಕೆ ಎಸೆದವನಲ್ಲವೇನೋ ನೀನು?" ಎಂದು ಕಿರುಚಿದ ಆ ರಾಡಿನವನು. "ಈ ಮನೆ ಒಡೆಯಲ್ಲ ಅಂದೆಯಂತೆ! ಇವಳೇನು ನಿನ್ನ ಹೆಂಡ್ತಿಯಾ?"

ನೆಲದ ಮೇಲೆ ಬಿದ್ದಿದ್ದ ಅವಳಿಗೆ ಪ್ರತಿಯೊಂದು ಮಾತೂ ಕೇಳಿಸಿತು. ಹಾಗಾದರೆ ಅಂದು... ಅಂದು ಬಿಳಿ ಶರ್ಟು, ಈ ಮನೆ ಮಾರಾಟವೇ ಆಗದ ಹಾಗೆ ಬೀಳಿಸುವ ಕೆಲಸ ಕೊಡಲು ಹೋಗಿದ್ದ. ಇವನು ಒಲ್ಲೆನೆಂದಿದ್ದ. ಅದನ್ನು ಹೇಳುವ ಮೊದಲೇ ನಾನು ಕೆನ್ನೆಗೆ ಹೊಡೆದು ಬಂದೆ.

ಆಗಲೇ ಮುಂಬಾಗಿಲ ಗಾಜು ಒಡೆಯಿತು. ಬಿಳಿ ಶರ್ಟು ಮುಷ್ಟಿಯಿಂದ ಗುದ್ದಿ, ಒಳಗಿನ ಚಿಲಕಕ್ಕೆ ಭುಜದವರೆಗೆ ಕೈ ತೂರಿಸಿದ್ದ. ಚಿಕ್ಕಮ್ಮ ಕಾದ ಚಹಾದ ಪಾತ್ರೆಯನ್ನೇ ಆ ಕೈಯ ಮೇಲೆ ಸುರಿದರು. ಅವನು ಅರಚುತ್ತಾ ಕೈಯನ್ನು ಸರ್ರನೆ ಎಳೆದುಕೊಂಡ. ಚೌಕಟ್ಟಿನಲ್ಲಿ ಉಳಿದಿದ್ದ ಗಾಜಿನ ಚೂರು ತೋಳಿನ ಒಳಭಾಗವನ್ನು ಉದ್ದಕ್ಕೂ ಸೀಳಿತು.

ರಕ್ತ ಚಿಮ್ಮಿ ಬಾಗಿಲಿಗೆ ಬಡಿಯಿತು. ಅದನ್ನು ಕಂಡು ಅವನ ಜೊತೆ ಬಂದಿದ್ದ ಇಬ್ಬರೂ, ಒಬ್ಬ ಕುಂಟುತ್ತಾ, ಕಿಟಕಿ ಹಾರಿ ಓಡಿದರು.

ಅವಳು ಬಾಗಿಲು ತೆರೆದಳು. ಬಿಳಿ ಶರ್ಟು ಹೊಸ್ತಿಲ ಮೇಲೆ ಕುಸಿದಿದ್ದ. ಅದೇ ಜಾಗ. ಶರ್ಟಿನಲ್ಲಿ ಬಿಳಿ ಎನ್ನುವುದು ಉಳಿದಿರಲಿಲ್ಲ. ದೊಡ್ಡ ರಕ್ತನಾಳ ಹೋಗಿದೆ ಎಂದು ಅವಳಿಗೆ ನೋಡಿದೊಡನೆ ತಿಳಿಯಿತು. ಮನಸ್ಸು ಏನಾದರೂ ಹೇಳುವ ಮೊದಲೇ ಕೈಗಳು ಹೋಗಿ ಎರಡೂ ಹೆಬ್ಬೆರಳಿಂದ ಒತ್ತಿ ಹಿಡಿದವು. ಹನ್ನೊಂದು ವರ್ಷದ ಕೈಗಳು ಅವು.

"ಚಿಕ್ಕಮ್ಮ, ಆಂಬುಲೆನ್ಸಿಗೆ ಹೇಳಿ," ಎಂದಳು. ಆಮೇಲೆ ಅವನ ಮುಖ ನೋಡಿದಳು. "ನಾನು ಕೈ ಬಿಟ್ಟರೆ ನಿನಗೆ ಐದು ನಿಮಿಷ."

"ಬಿಡ್ಬೇಡಮ್ಮಾ..."

"ನಮ್ಮಪ್ಪ ಮೆಟ್ಟಿಲಿಂದ ಬಿದ್ದರಾ?"

ಅವನು ಕಣ್ಣು ತಪ್ಪಿಸಿದ.

ಅವಳ ಹೆಬ್ಬೆರಳು ಸಡಿಲವಾಯಿತು. ತಾನಾಗಿ ಆಯಿತೋ, ಅವಳೇ ಮಾಡಿದಳೋ... ರಕ್ತ ಅವಳ ಮೊಣಕೈವರೆಗೆ ಹಾರಿತು. ಇಪ್ಪತ್ತಮೂರು ದಿನ ಅಪ್ಪ ನರಳಿದ್ದರು. ಕೊನೆಯ ವಾರ ಮಗಳ ಗುರುತೂ ಹತ್ತುತ್ತಿರಲಿಲ್ಲ. ಇವನಿಗೆ ಐದು ನಿಮಿಷ ಸಾಕಲ್ಲವೇ? ಯಾರು ಕೇಳುತ್ತಾರೆ?

ಹೆಗಲ ಮೇಲೆ ಒಂದು ಕೈ ಬಂದು ಕೂತಿತು. ಎರಡು ಬೆರಳಿಗೆ ಪಟ್ಟಿ ಕಟ್ಟಿದ ಕೈ. ಮೇಸ್ತ್ರಿ ಅವಳನ್ನು ಹಿಂದೆ ಎಳೆಯಲಿಲ್ಲ. ಸುಮ್ಮನೆ ಅವಳ ಹಿಂದೆ ಮಂಡಿಯೂರಿ ಕೂತ.

ಅವಳು ಮತ್ತೆ ಒತ್ತಿ ಹಿಡಿದಳು.

"ನಾವೇ ಹೊಡೆದದ್ದು," ಎಂದ ಬಿಳಿ ಶರ್ಟು ಅಳುತ್ತಾ. "ಮೊದಲ ಏಟು ನಂದೇ..."

ರಸ್ತೆಯ ಕಿಟಕಿಗಳು ಅಂದು ತೆರೆದಿದ್ದವು. ಎದುರುಮನೆಯ ಮುದುಕರು ಮುರಿದ ಗೇಟಿನ ತನಕ ನಡೆದು ಬಂದರು.

"ನಾನು ನೋಡಿದ್ದೆ ಮಗಳೇ," ಎಂದರು. "ಆವತ್ತು ಕಿಟಕಿ ಮುಚ್ಚಿದೆ. ಇವತ್ತು ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ."

ಹನ್ನೆರಡು ನಿಮಿಷಕ್ಕೆ ಆಂಬುಲೆನ್ಸು ಬಂತು, ಅದರ ಹಿಂದೆ ಪೊಲೀಸರು. ಅಷ್ಟು ಹೊತ್ತೂ ಅವಳು ಕೈ ತೆಗೆಯಲಿಲ್ಲ. ಬಿಳಿ ಶರ್ಟು ಬದುಕಿದ. ಆಸ್ಪತ್ರೆಯ ಮಂಚದಿಂದ ನೇರ ಜೈಲಿಗೆ ಹೋದ. ಮುದುಕರು ಸಾಕ್ಷಿ ಹೇಳಿದರು, ಅವರ ಹಿಂದೆ ಇನ್ನೂ ಮೂರು ಮನೆಯವರು ಬಂದರು.

ಗಣಿತದ ಮೇಡಂ ಅಂದೇ, ರಕ್ತ ತೊಳೆಯುತ್ತಿರುವಾಗಲೇ, ಕನ್ನಡಕ ಸರಿಮಾಡಿಕೊಂಡು ಹೇಳಿದ್ದರು. "ಒಂಬತ್ತನೇದಕ್ಕೆ ಇನ್ನೊಂದು ಸಾಲು ಸೇರಿಸಿ. ಪೆನ್ ಕೊಡಿ, ಎಲ್ಲಿ ಸಹಿ ಹಾಕ್ಬೇಕು?"

ಮೂರು ವಾರದ ನಂತರ ನೋಂದಣಿ ಕಚೇರಿಯಲ್ಲಿ ಗುಮಾಸ್ತ ಪತ್ರ ತಿರುವಿ, "ಮಧ್ಯವರ್ತಿ ಯಾರು?" ಎಂದು ಕೇಳಿದ.

"ಯಾರೂ ಇಲ್ಲ," ಎಂದಳು. ಹೆಬ್ಬೆರಳೊತ್ತಿದಳು, ಸಹಿ ಹಾಕಿದಳು. ಮನೆ ಮಾರಾಟವಾಯಿತು. ಅಪ್ಪ, ಆಯ್ತು... ಎಂದುಕೊಂಡಳು.

ಹೊರಗೆ ಬಂದಳು. ಇಷ್ಟು ದೊಡ್ಡ ಕೆಲಸ ಮುಗಿಸಿ ಬಂದರೆ ಯಾರಿಗೆ ಹೇಳುವುದು? ಈ ಮೂರು ವಾರ ಅವಳು ಮೇಸ್ತ್ರಿಗೆ ಫೋನು ಮಾಡಿರಲಿಲ್ಲ. ಯಾವ ಮುಖ ಹೊತ್ತು ಮಾಡುವುದು?

ಮೆಟ್ಟಿಲ ಕೆಳಗೆ ಚಿಕ್ಕಮ್ಮ ಒಂದು ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಹುಬ್ಬಿನ ಮೇಲೆ ಹೊಲಿಗೆಯ ಗುರುತಿದ್ದ ಮೇಸ್ತ್ರಿ.

"ನಾನೇ ಕರೆದೆ," ಎಂದರು ಚಿಕ್ಕಮ್ಮ. "ನೀನು ಕರೆಯೋದಕ್ಕೆ ಕಾದ್ರೆ ನಾನು ಕಣ್ಣು ಮುಚ್ಚಿರ್ತೀನಿ." ಹಾಗೆಂದು ಎದ್ದು, ಇಲ್ಲದ ಕೆಲಸವೊಂದನ್ನು ನೆನಪಿಸಿಕೊಂಡು ದೂರ ಹೋದರು.

ಅವಳು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ಮನೆ ನಿಮಗೆ ಸಿಗಲಿಲ್ಲ," ಎಂದಳು.

"ನನಗೆ ಬೇಕಿರ್ಲಿಲ್ಲ. ಮೊದಲ ದಿನ ಮಾತ್ರ ಮನೆ ನೋಡೋಕೆ ಬಂದಿದ್ದೆ. ಆಮೇಲೆ ಬಂದಿದ್ದೆಲ್ಲ ನಿಮಗೋಸ್ಕರ." ಅವನು ತನ್ನ ಬೂಟು ನೋಡುತ್ತಾ ಹೇಳಿದ. "ಒಡೆಯೋ ಕೆಲಸದವನು ನಾನು. ನಿಮ್ಮಂಥವರಿಗೆ ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ."

"ನನ್ನಂಥವರು..." ಅವಳು ತನ್ನ ಅಂಗೈ ನೋಡಿಕೊಂಡಳು. "ನಾನು ಎಂಥವಳು ಅಂತ ನಿಮಗೆ ಗೊತ್ತಾ? ಆವತ್ತು ಬೆರಳು ಜಾರಿದ್ದಲ್ಲ. ನಾನೇ ಬಿಟ್ಟಿದ್ದು. ಅವನು ಸಾಯ್ಲಿ ಅಂತ ಬಿಟ್ಟೆ. ಯಾರಿಗೂ ಹೇಳಿಲ್ಲ... ಆ ಕೈಯಲ್ಲೇ ದಿನಾ ಆಸ್ಪತ್ರೇಲಿ ಜನರಿಗೆ ಪಟ್ಟಿ ಕಟ್ತಾ ಇದ್ದೀನಿ."

ಕಚೇರಿಯ ಬಾಗಿಲಲ್ಲಿ ಜನ ಪತ್ರ ಹಿಡಿದು ಬರುತ್ತಿದ್ದರು, ಹೋಗುತ್ತಿದ್ದರು.

"ಗೊತ್ತಿತ್ತು," ಎಂದ.

"ಗೊತ್ತಿತ್ತಾ? ಅದಕ್ಕೇನಾ ಹೆಗಲ ಮೇಲೆ ಕೈ ಇಟ್ಟಿದ್ದು? ನನ್ನ ತಡೆಯೋಕೆ?"

"ಅಲ್ಲ." ಮೊದಲ ಸಲ ಅವಳ ಕಣ್ಣನ್ನೇ ನೋಡಿದ. "ನೀನು ಪೂರ್ತಿ ಬಿಟ್ಟಿದ್ರೂ ನಾನು ಎದ್ದು ಹೋಗಲ್ಲ ಅಂತ ಹೇಳೋಕೆ."

ಅವಳು ಅತ್ತಳು. ಅಪ್ಪ ಹೋದಾಗಲೂ ಹೀಗೆ ಅತ್ತಿರಲಿಲ್ಲ. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಬೆಂಚಿನ ಮೇಲೆ ಅವನ ಕಡೆಗೆ ಸರಿದಳು.

"ನನಗೆ ಸಿಟ್ಟು ಜಾಸ್ತಿ," ಎಂದಳು.

"ಹೂಂ."

"ಆದ್ರೆ ನಿಮ್ಮ ಮೇಲೆ ಇನ್ನು ಕೈ ಎತ್ತಲ್ಲ. ಯಾವತ್ತೂ."

"ನಾನೂ ಇನ್ನು ಏನೂ ಮುಚ್ಚಿಡಲ್ಲ."

"ಸರಿ," ಎಂದಳು ಅವಳು. "ಹೋಗೋಣ್ವಾ? ಚಿಕ್ಕಮ್ಮ ಬಿಸಿಲಲ್ಲಿ ನಿಂತಿದ್ದಾರೆ."